ಬುಷ್ಷು ಕೂಡಿಸಿದ ಸಂಬಂಧ

ಮಲೆನಾಡಿನಲ್ಲಿ ಹಳೆಯ ಜೀಪು ಇಟ್ಟುಕೊಂಡವನಿಗೆ ಎರಡು ಚಟ ತಪ್ಪಿದ್ದಲ್ಲ. ಇದನ್ನು ಮಾರಿಬಿಡುತ್ತೇನೆಂದು ಮಳೆಗಾಲದುದ್ದಕ್ಕೂ ಹೇಳುವುದು ಒಂದು. ಮಳೆ ನಿಂತೊಡನೆ ಅದಕ್ಕೇ ಇನ್ನಷ್ಟು ದುಡ್ಡು ಸುರಿಯುವುದು ಇನ್ನೊಂದು. ನನ್ನ ಜೀಪಿನ ಮೂರು ಗೇರಿನ ಬಾಕ್ಸ್ ಇಳಿಸಿ ನಾಲ್ಕು ಗೇರಿನದು ಏರಿಸುವ ಯೋಚನೆ ಹುಟ್ಟಿದ್ದೂ ಹೀಗೇ, ಅಡಿಕೆ ಮಾರಿದ ವಾರದಲ್ಲಿ.

ಗುಜರಿಯಲ್ಲಿ ಗೇರ್‌ಬಾಕ್ಸ್ ಸಿಕ್ಕಿತು. ಬೋಲ್ಟಿನ ತೂತುಗಳೂ ಹೊಂದಿದವು. ಇನ್ನೇನು, ಸಂಜೆಗೆ ಪೇಟೆ ಸುತ್ತಬಹುದು ಎನ್ನುವಷ್ಟರಲ್ಲಿ ಮೇಸ್ತ್ರಿ, “ನಿಲ್ಲಿ ಮಾರಾಯ್ರೆ, ಪೈಲಟ್ ಬುಷ್ಷಿಗೆ ಏನು ಮಾಡೋದು?” ಎಂದರು.

ಎಂಜಿನ್ನಿನ ಕ್ರ್ಯಾಂಕಿನ ಹಿಂತುದಿಯಲ್ಲೊಂದು ಕುಳಿ. ಗೇರ್‌ಬಾಕ್ಸಿನಿಂದ ಮುಂದೆ ಚಾಚಿದ ಶಾಫ್ಟಿನ ಮೂಗು ಅದರೊಳಗೆ ಕೂರಬೇಕು. ನಡುವೆ ಒಂದು ಸಣ್ಣ ಬೇರಿಂಗು. ಕೆಲವು ಗಾಡಿಗಳಲ್ಲಿ ಸೂಜಿಯದು, ಕೆಲವದರಲ್ಲಿ ಗುಂಡಿನದು, ನನ್ನ ಜೀಪಿನಲ್ಲಿ ಬರೀ ಕಂಚಿನ ಬುಷ್ಷು. ಗಾಡಿ ಓಡುವಾಗ ಎಂಜಿನ್ನೂ ಶಾಫ್ಟೂ ಒಟ್ಟಿಗೇ ತಿರುಗುವುದರಿಂದ ಇದಕ್ಕೆ ಕೆಲಸವೇ ಇಲ್ಲ. ಕ್ಲಚ್ ಒತ್ತಿ, ಗೇರು ಹಾಕಿ ನಿಂತಾಗ ಮಾತ್ರ ಎಂಜಿನ್ ತಿರುಗುತ್ತದೆ, ಶಾಫ್ಟ್ ನಿಲ್ಲುತ್ತದೆ, ಬುಷ್ಷು ದುಡಿಯುತ್ತದೆ. ಹಾಗಾಗಿ ಸವೆದ ಬುಷ್ಷು ಖಾಲಿ ರಸ್ತೆಯಲ್ಲಿ ಮೌನಿ; ನಾಲ್ಕು ಜನ ನೋಡುವ ಬಸ್‌ಸ್ಟ್ಯಾಂಡಿನೆದುರು ಕೀರಲು ದನಿ ತೆಗೆಯುತ್ತದೆ.

ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಮನೆಯವಾದರೆ ಅಂಗಡಿಯಲ್ಲಿ ನಂಬರ್ ಹೇಳಿದರೆ ಬುಷ್ಷು ಸಿಗುತ್ತದೆ. ನಮ್ಮದು ಬೇರೆ ಬೇರೆ ಮನೆತನದ ಸಂಬಂಧ. ಹೊರಗಿನ ಅಳತೆ ಎಂಜಿನ್ನಿನ ಕಡೆಯವರದು, ಒಳಗಿನ ಅಳತೆ ಗೇರ್‌ಬಾಕ್ಸಿನ ಕಡೆಯವರದು. ಎರಡೂ ಕಡೆಗೆ ಹೌದೆನ್ನುವ ಬ್ರೋಕರು ಅಂಗಡಿಯಲ್ಲಿ ತಯಾರಿರುವುದಿಲ್ಲ, ಲೇತಿನಲ್ಲಿ ಮಾಡಿಸಬೇಕು.

ಲೇತಿನವನು ಗನ್‌ಮೆಟಲ್ ತುಂಡು ಹಿಡಿದು, “ಎರಡು ಥೌ ಸಡಿಲ ಬಿಡ್ಲಾ, ಮೂರಾ?” ಎಂದು ಕೇಳಿದ. ಇಂಚಿನ ಸಾವಿರದಲ್ಲೊಂದು ಪಾಲು ಒಂದು ಥೌ. ಪಕ್ಕದ ತೋಟದವರ ಬೇಲಿ ಎರಡಡಿ ಈಚೆ ಬಂದಾಗಲೂ ಚಿಂತಿಸದ ನಾನು ಇದಕ್ಕೆ ಗಲ್ಲಕ್ಕೆ ಕೈಯಿಟ್ಟು ಕೂತೆ. ಬಡಿದು ಕೂರಿಸಿದಾಗ ಒಳತೂತು ತುಸು ಕುಗ್ಗುತ್ತದೆಂದು ಮೇಸ್ತ್ರಿಯೇ ಲೆಕ್ಕ ಹಾಕಿ ಹೇಳಿದರು. ಕಂಪನಿಯ ಬುಷ್ಷು ಕಂಚಿನ ಪುಡಿ ಒತ್ತಿ ಮಾಡಿದ್ದು, ಗಾತ್ರದ ಸುಮಾರು ಐದರಲ್ಲೊಂದು ಪಾಲು ಎಣ್ಣೆ ಹೀರಿಕೊಂಡೇ ಬರುತ್ತದೆ. ನಮ್ಮ ಲೇತಿನದಕ್ಕೆ ಆ ಸಂಸ್ಕಾರವಿಲ್ಲ, ತೆಳ್ಳಗೆ ಗ್ರೀಸು ಸವರಬೇಕು.

ಹಳೆಯದನ್ನು ಕೀಳಲು ಹುಡುಗ ತಂದದ್ದು ಬ್ರೆಡ್ಡು! ಒದ್ದೆ ಬ್ರೆಡ್ಡನ್ನು ತೂತಿಗೆ ತುರುಕಿ, ಬಿಗಿಯಾಗಿ ಕೂರುವ ಸರಳಿಟ್ಟು ಸುತ್ತಿಗೆಯಿಂದ ಹೊಡೆದ. ಹೋಗಲು ದಾರಿ ಕಾಣದ ಬ್ರೆಡ್ಡು ಬುಷ್ಷಿನ ಬೆನ್ನಿಗೆ ಹೋಗಿ ಅದನ್ನೇ ಹೊರಗೆ ನೂಕಿತು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಪಾಸ್ಕಲ್ ನಿಯಮ ಆ ದಿನ ಅರ್ಥವಾಯಿತು. ಉಳಿದ ಬ್ರೆಡ್ಡನ್ನು ಹುಡುಗ ಚಹಾಕ್ಕೆ ಅದ್ದಿ ತಿಂದ.

ಹೊಸ ಬುಷ್ಷು ರಾತ್ರಿ ನಮ್ಮನೆ ಫ್ರೀಜರಿನಲ್ಲಿ, ಕಾಯಿತುರಿಯ ಡಬ್ಬಿ ಪಕ್ಕ ಮಲಗಿತು. ತಣಿದರೆ ಕೂದಲೆಳೆಯಷ್ಟು ಕಿರಿದಾಗಿ ಸಲೀಸಾಗಿ ಕೂರುತ್ತದೆಂದು ವಿವರಿಸಿದೆ. “ಹಂಗಾದ್ರೆ ನೀವೂ ಒಂದ್ ರಾತ್ರಿ ಮಲಗಿ ನೋಡಿ, ಪ್ಯಾಂಟೆಲ್ಲ ಬಿಗಿಯಾಗಿದಾವಲ್ಲ” ಎಂದಳು ಹೆಂಡತಿ.

ಮರುದಿನ ಮೇಸ್ತ್ರಿ ಸಾಕೆಟ್ ಇಟ್ಟು ಓರೆಯಾಗದಂತೆ ಮೆಲ್ಲಗೆ ಬಡಿದರು. ಹಳೆಯ ಶಾಫ್ಟೊಂದನ್ನು ತೂರಿಸಿ ಕ್ಲಚ್ ಪ್ಲೇಟನ್ನು ನಡುವಿಗೆ ತಂದರು. ಆಮೇಲೆ ಇಬ್ಬರು ಅಡಿಯಲ್ಲಿ ಮಲಗಿ ಗೇರ್‌ಬಾಕ್ಸ್ ಎತ್ತಿದರು. ನಾನು ಹೊರಗೆ ನಿಂತು ಸಲಹೆ ಎತ್ತಿದೆ. ಬೋಲ್ಟು ಬಿಗಿದು ಎಳೆಯೋಣವೆಂದಾಗ ಮೇಸ್ತ್ರಿ ಸಿಟ್ಟಾದರು: “ಮೂಗು ತಾನಾಗಿ ಹೋಗ್ಬೇಕು. ಎಳೆದ್ರೆ ಬುಷ್ಷು ಒಡೀತದೆ.” ಅಲುಗಾಡಿಸುತ್ತ ಅಲುಗಾಡಿಸುತ್ತ ಅದು ತಾನಾಗಿಯೇ ಒಳಗೆ ಹೋಯಿತು.

ಬಿಲ್ಲು ಬಂತು. ಬ್ರೆಡ್ಡಿಗೂ ಒಂದು ಸಾಲು ಮೀಸಲಿತ್ತು. ಬುಷ್ಷು ಮಾತ್ರ ಎಲ್ಲೂ ಇಲ್ಲ. ವಿಚಾರಿಸಿದರೆ, ಗ್ರೀಸು, ಬನಿಯನ್ ವೇಸ್ಟಿನ ಜೊತೆ ‘ಇತರೆ’ಯಲ್ಲಿ ಸೇರಿದೆ ಎಂದರು. ಸರಿಯೇ. ಮದುವೆಯ ಲೆಕ್ಕದಲ್ಲಿ ಬ್ರೋಕರಿಗೆ ಕೊಟ್ಟದ್ದನ್ನು ಯಾರು ತಾನೇ ಹೆಸರು ಹಾಕಿ ಬರೆಯುತ್ತಾರೆ?