ಮೀಟರಿಗೆ ಸಿಗ್ನಲ್ ಬಂತು, ನಲ್ಲಿಗೆ?

ಇನ್ನು ಮೀಟರ್ ರೀಡರ್ ಗೇಟಿನ ಬಳಿ ಕುಕ್ಕರುಗಾಲಲ್ಲಿ ಕೂತು, ಮುಚ್ಚಳ ಎತ್ತಿ, ಜಿರಳೆ ಓಡಿಸಿ, ಗಾಜಿನ ಮೇಲಿನ ಕೆಸರನ್ನು ಹೆಬ್ಬೆರಳಲ್ಲಿ ಒರೆಸಿ ಅಂಕಿ ಓದಬೇಕಿಲ್ಲ. ಬೆಂಗಳೂರಿನ ನೀರಿನ ಮೀಟರುಗಳೂ ಸ್ಮಾರ್ಟ್ ಆಗಬೇಕಂತೆ. ಒಳಗೊಂದು ಬ್ಯಾಟರಿ, ಪುಟ್ಟದೊಂದು ರೇಡಿಯೋ. ಚಕ್ರ ಎಷ್ಟು ಸುತ್ತಿತೆಂಬ ವರದಿ ತಾನಾಗಿಯೇ ನೀರಿನ ಕಚೇರಿಯ ಕಂಪ್ಯೂಟರ್ ಸೇರುತ್ತದೆ. ನಾಯಿಯ ಕಾಟವಿಲ್ಲ, ಬಾಗಿಲಿಗೆ ಬೀಗವಿತ್ತೆಂಬ ನೆಪವಿಲ್ಲ, 'ಆವರೇಜ್ ಬಿಲ್ ಯಾಕ್ ಹಾಕಿದ್ರಿ ಸಾರ್' ಎಂಬ ಜಗಳವಿಲ್ಲ.

ಬಹಳ ಸಂತೋಷ. ಆದರೆ ಓದುವುದಕ್ಕೆ ಮೊದಲು ಅಲ್ಲಿ ನೀರು ಹರಿಯಬೇಕಲ್ಲ! ದಿನ ಬಿಟ್ಟು ದಿನ ವಾಲ್ವ್‌ಮ್ಯಾನ್ ಕೃಪೆ ತೋರಿದಾಗ ನಲ್ಲಿಯಿಂದ ಮೊದಲು ಹೊರಡುವುದು ಬುಸ್ಸೆನ್ನುವ ಗಾಳಿ. ಚಕ್ರದ ಮೀಟರಿಗೆ ಗಾಳಿ, ನೀರು ಎಂಬ ಭೇದವಿಲ್ಲ. ಎರಡಕ್ಕೂ ನಿಷ್ಠೆಯಿಂದ ತಿರುಗುತ್ತದೆ. ಹಳೆಯದು ಆ ಗಾಳಿಯ ಲೆಕ್ಕವನ್ನು ತಿಂಗಳಿಗೊಮ್ಮೆ ಒಪ್ಪಿಸುತ್ತಿತ್ತು. ಹೊಸದು ಬೇಕೆಂದರೆ ಗಂಟೆಗೊಮ್ಮೆ ಒಪ್ಪಿಸುತ್ತದೆ. ಇದಕ್ಕೇ ಪ್ರಗತಿ ಎನ್ನುವುದು.

ಇತ್ತ ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಗುಡ್ಡ ಹತ್ತಿ ಬರುತ್ತಾಳೆ. ಹಾರೋಹಳ್ಳಿಯಲ್ಲೊಮ್ಮೆ, ತಾತಗುಣಿಯಲ್ಲೊಮ್ಮೆ ಮತ್ತೆ ಪಂಪು. ಅದಕ್ಕೆ ಸುರಿಯುವ ಕರೆಂಟಿನ ದುಡ್ಡಿಗೆ ಲೆಕ್ಕವುಂಟು. 2024ರ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರಿಗೆ ದಾರಿಯಾಯಿತು. ಹೀಗೆ ಕಷ್ಟಪಟ್ಟು ಊರು ಸೇರಿದ ನೀರಲ್ಲಿ ಕಾಲು ಭಾಗದಷ್ಟು ಮಾಯ! ಒಡೆದ ಪೈಪು, ಕಳ್ಳ ಸಂಪರ್ಕ, ನಿಂತುಹೋದ ಮೀಟರು ಎಲ್ಲಕ್ಕೂ ಸೇರಿಸಿ ಕಡತದಲ್ಲೊಂದು ಗೌರವದ ಹೆಸರಿದೆ: 'ಲೆಕ್ಕಕ್ಕೆ ಸಿಗದ ನೀರು'.

ಅದನ್ನು ಲೆಕ್ಕಕ್ಕೆ ಸಿಗುವಂತೆ ಮಾಡುವುದು ಬ್ರಹ್ಮವಿದ್ಯೆಯೇನಲ್ಲ. ಬಡಾವಣೆಗೆ ನೀರು ಬರುವ ದೊಡ್ಡ ಪೈಪಿಗೊಂದು ಮೀಟರ್ ಇಡಿ, ಅದೇ ಹೊತ್ತಿನ ಮನೆಮನೆಯ ರೀಡಿಂಗ್ ಕೂಡಿಸಿ ತಾಳೆ ನೋಡಿ. ವ್ಯತ್ಯಾಸವೆಷ್ಟೋ ಅಷ್ಟು ದಾರಿಯಲ್ಲಿ ಹೋಯಿತು. ದೂರದಿಂದ ಓದುವ ಮೀಟರಿನ ನಿಜವಾದ ಉಪಯೋಗವೇ ಇದು. ಆದರೆ ಅದರಲ್ಲೊಂದು ತೊಡಕಿದೆ: ಹಾಗೆ ದಾರಿಯಲ್ಲಿ ಹೋದ ನೀರಿನ ಬಿಲ್ಲನ್ನು ಕಚೇರಿಯೇ ಕಚೇರಿಗೆ ಕಳಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ 'ರಾತ್ರಿ ಎರಡಕ್ಕೂ ನಿಮ್ಮ ಮನೆಯಲ್ಲಿ ನೀರು ಹರಿಯುತ್ತಿದೆ, ಫ್ಲಷ್ ಸೋರುತ್ತಿರಬಹುದು' ಎಂಬ ಮೆಸೇಜ್ ನಮಗೆ ಬರುತ್ತದೆ. ಅದೇ ಬೀದಿಯಲ್ಲಿ ವಾರದಿಂದ ಕಾರಂಜಿ ಹಾರಿಸುತ್ತಿರುವ ಪೈಪು ಮಾತ್ರ ಯಾರಿಗೂ ಮೆಸೇಜ್ ಕಳಿಸುವುದಿಲ್ಲ.

ಸ್ಮಾರ್ಟ್ ಮೀಟರ್ ಬರಲಿ, ತಕರಾರಿಲ್ಲ. ಸಿಗ್ನಲ್ ಮಾತ್ರ ಎರಡೂ ಕಡೆಗೆ ಹೋಗಲಿ. ನಾವೆಷ್ಟು ಬಳಸಿದೆವೆಂದು ಕಚೇರಿಯವರಿಗೆ, ಅವರೆಷ್ಟು ಸೋರಿಸಿದರೆಂದು ನಮಗೆ. ಬಾಕಿ ಉಳಿಸಿಕೊಂಡವರ ಸಂಪರ್ಕ ಕಡಿಯುವ ನಿಯಮವೂ ಇಬ್ಬರಿಗೂ ಒಂದೇ ಇರಲಿ: ನಮ್ಮದು ನೀರಿನಿಂದ, ಅವರದು ಕುರ್ಚಿಯಿಂದ.