ಬ್ಯಾಕೆಂಡ್ ಭಾಷಾನಿರ್ಣಯ ಪ್ರಕರಣ

ಹೊಸ ಸಾಫ್ಟ್‌ವೇರ್ ಕಟ್ಟಲು ಹೊರಟವರು ಭಾಷೆಗಳನ್ನು ವಿಂಗಡಿಸುತ್ತ ಕೂರುತ್ತಾರೆ. ವಿಂಗಡಿಸಬೇಕಾದದ್ದು ಆರಿಸುವವರನ್ನು. ಕೋಲ್ಕತ್ತದ ಸಾಲ್ಟ್ ಲೇಕ್ ಸೆಕ್ಟರ್ ಫೈವ್‌ನಲ್ಲಿ ಮಣ್ಣಿನ ಕುಡಿಕೆಯ ಚಹಾ ಹೀರುತ್ತ ಅಡ್ಡಾಕ್ಕೆ ಕೂತವರಲ್ಲಿ ಇವರ ಎಲ್ಲ ಪ್ರಭೇದಗಳೂ ಒಂದೇ ಬೆಂಚಿನ ಮೇಲೆ ಸಿಗುತ್ತವೆ.

ಆದಿಯಲ್ಲಿ ನಿರ್ವಿಕಲ್ಪರು. 1955ರಲ್ಲಿ ಇದೇ ಊರಿನ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಇಂಗ್ಲೆಂಡಿನಿಂದ ಎಚ್‌ಇಸಿ-2ಎಂ ಬಂತು. ಭಾರತದ ಮೊದಲ ಡಿಜಿಟಲ್ ಕಂಪ್ಯೂಟರ್. ಅದರ ಕಾಂತೀಯ ಡ್ರಮ್ಮಿನಲ್ಲಿ ಇದ್ದದ್ದು 1024 ವರ್ಡುಗಳ ಜಾಗ. ಫೋರ್ಟ್ರಾನ್ ಬರಲು ಇನ್ನೂ ಎರಡು ವರ್ಷ. ಯಂತ್ರಕ್ಕೆ ತಿಳಿಯುವ ಸಂಕೇತದಲ್ಲೇ ಬರೆಯಬೇಕು. ಆದ್ದರಿಂದ ಭಾಷೆ ಯಾವುದೆಂಬ ಮೀಟಿಂಗಿಗೆ ಅವಕಾಶವೇ ಇರಲಿಲ್ಲ, ಪುಣ್ಯವಂತರು.

ಎರಡನೆಯವರು ಜಾವಾನಿಷ್ಠರು. ಬ್ಯಾಂಕಿನವರು ಒಪ್ಪುತ್ತಾರೆ ಎಂಬುದೇ ಇವರಿಗೆ ಪರಮ ಪ್ರಮಾಣ. ಹೆಚ್ಚು ಹೇಳಬೇಕಿಲ್ಲ.

ಮೂರನೆಯವರು ರೆಸ್ಯೂಮೆಕಾಮಿಗಳು, ಇವರಲ್ಲಿ ಒಳಭೇದ ಎರಡು. ಸಪ್ರಮಾಣರು ಬೆಂಚ್‌ಮಾರ್ಕ್ ತೋರಿಸಿ ರಸ್ಟ್ ಬೇಕೆನ್ನುತ್ತಾರೆ: ಕಸ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಇಲ್ಲ, ಮೆಮೊರಿಯ ತಪ್ಪನ್ನು ಕಂಪೈಲರೇ ಹಿಡಿಯುತ್ತದೆ. ಮಾತು ನಿಜವೇ. ಆದರೆ ಇವರ ಪ್ರಾಜೆಕ್ಟ್ ಸೀರೆ ಅಂಗಡಿಯ ಆರ್ಡರ್ ಪುಸ್ತಕ. ಅಲ್ಲಿ ಪ್ರತಿ ಕೋರಿಕೆಯ ಹೆಚ್ಚಿನ ಸಮಯ ಡೇಟಾಬೇಸಿನ ಉತ್ತರಕ್ಕೆ ಕಾಯುವುದರಲ್ಲೇ ಹೋಗುತ್ತದೆ. ರಸ್ಟ್ ಆದರೂ ಪೈಥಾನ್ ಆದರೂ ಕಾಯುವ ವೇಗ ಒಂದೇ. ನಿಷ್ಪ್ರಮಾಣರಿಗೆ ಬೆಂಚ್‌ಮಾರ್ಕೂ ಬೇಡ, ಹೊಸತಾಗಿದ್ದರೆ ಸಾಕು. 2009ರಲ್ಲಿ ಬಂದ ಗೋ ಇವರ ಕಣ್ಣಿಗೆ ಈಗಾಗಲೇ ಮುದುಕ.

ಪೂರ್ವಪಕ್ಷ: ಹಾಗಾದರೆ ತಂಡಕ್ಕೆ ಬರುವ ಭಾಷೆಯೇ ಸಾಕಲ್ಲ? ಉತ್ತರ: ತಂಡವೆಂದರೆ ಯಾರು? ಇದನ್ನು ದುರ್ಗಾಪೂಜೆಯಲ್ಲಿ ಪರೀಕ್ಷಿಸಬೇಕು. ಸೀರೆಯ ಆರ್ಡರು ಉಕ್ಕುವ ಕಾಲ ಅದೇ. ಅಷ್ಟಮಿಯ ರಾತ್ರಿ ಸರ್ವರ್ ಬಿದ್ದಾಗ ಸಪ್ರಮಾಣರು ಬಾಗ್‌ಬಜಾರಿನ ಪೆಂಡಾಲಿನ ಸಾಲಿನಲ್ಲಿ, ನಿಷ್ಪ್ರಮಾಣರು ಎಗ್‌ರೋಲ್ ಅಂಗಡಿಯೆದುರು. ಢಾಕ್ ಡೋಲಿನ ಸದ್ದಿನಲ್ಲಿ ಫೋನ್ ಕೇಳಿಸದು. ಕೇಳಿಸಿದರೂ ಎತ್ತರು.

ಆಫೀಸಿನಲ್ಲಿ ಉಳಿಯುವವನು ದಸರಾಕ್ಕೆ ಊರಿಗೆ ಟಿಕೆಟ್ ಸಿಗದ ಕನ್ನಡಿಗ. ಮರುದಿನದ ಆಯುಧಪೂಜೆಗೆಂದು ಲ್ಯಾಪ್‌ಟಾಪ್ ಒರೆಸಿಟ್ಟು, ಕುಂಕುಮ ಎಲ್ಲಿ ಸಿಗುತ್ತದೆಂದು ಯೋಚಿಸುತ್ತಿರುತ್ತಾನೆ. ಅವನಿಗೆ ಬರುವುದು ಜಾವಾ ಒಂದೇ.