ಕಂಠೀರವದ ಗೇಟು, ಮೂರನೇ ಕ್ರಾಸಿನ ಹುಡುಗ

ಕಂಠೀರವ ಕ್ರೀಡಾಂಗಣದ ಮೇಲೆ ಫುಟ್‌ಬಾಲ್ ಹುಚ್ಚಿನವರದು ಒಂದು ಹಳೇ ದೂರಿದೆ, ನೀವೂ ಕೇಳಿರ್ತೀರಿ. ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ಕೂತವರಿಗೂ ಆಟಕ್ಕೂ ನಡುವೆ ದೂರ ಜಾಸ್ತಿ, ಮಜಾ ಬರಲ್ಲ ಅಂತ. ಸುಳ್ಳೇನಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟ ಕಂಡ ಜಾಗ ಅದು, ಓಡೋರಿಗೂ ಜಾಗ ಬೇಕಲ್ಲ. ಆದರೆ ನಮ್ಮ ಮೂರನೇ ಕ್ರಾಸಿನ ಹುಡುಗನ ವಿಷಯ ತಲೆಗೆ ಹೊಕ್ಕಾಗಿನಿಂದ ನನಗೆ ಆ ಟ್ರ್ಯಾಕ್ ಮೇಲೆ ಎಲ್ಲಿಲ್ಲದ ಪ್ರೀತಿ ಬಂದುಬಿಟ್ಟಿದೆ ನೋಡಿ. ಡೋಲು ಬಡಿದು ಹಾಡೋ ವೆಸ್ಟ್ ಬ್ಲಾಕಿನ ಅಭಿಮಾನಿಗಳ ಎದುರು ದಿಕ್ಕಿನಲ್ಲಿ ಹೋಗಿ ಕೂತರೆ, ನಡುವೆ ಇಡೀ ಮೈದಾನ, ಆ ಕಡೆ ಈ ಕಡೆ ಟ್ರ್ಯಾಕು. ಸದ್ದು ದಾಟಿ ಬರೋ ಹೊತ್ತಿಗೆ ಅದಕ್ಕೇ ಸ್ವಲ್ಪ ಸುಸ್ತಾಗಿರುತ್ತೆ, ಅಲ್ವಾ?

ಆ ಹುಡುಗ ನಿಮಗೆ ಗೊತ್ತಲ್ಲ. ಮಳೆಯಿರಲಿ ಬಿಸಿಲಿರಲಿ, ಮೈಮೇಲೆ ಬೆಂಗಳೂರು ಎಫ್‌ಸಿಯ ನೀಲಿ ಜೆರ್ಸಿ, ಬೆನ್ನಲ್ಲಿ 11. ಅವನ ಅಮ್ಮ ಒಂದೇ ಥರದ್ದು ಎರಡು ತಂದಿಟ್ಟಿದ್ದಾರೆ, ಒಂದು ಒಗೆಯೋಕೆ ಬಿದ್ದರೆ ಇನ್ನೊಂದು. "ಚೆನ್ನಾಗಿದ್ದೀಯೇನೋ ಪುಟ್ಟ?" ಅಂತ ಕೇಳಿದರೆ ಅವನಿಂದ ಉತ್ತರ ಬರಲ್ಲ. "2019ರ ಫೈನಲ್?" ಅಂದು ನೋಡಿ. "ನೂರ ಹದಿನೇಳನೇ ನಿಮಿಷ, ರಾಹುಲ್ ಭೆಕೆ, ಹೆಡರ್" ಅಂತ ಉಸಿರು ಬಿಡದೆ ಹೇಳ್ತಾನೆ. ಈಗ ನಮ್ಮ ಬೀದಿಯಲ್ಲಿ ಅವನನ್ನ ಕಂಡೋರೆಲ್ಲ ಕುಶಲ ಕೇಳೋದು ಬಿಟ್ಟು ಯಾವುದಾದ್ರೂ ಮ್ಯಾಚಿನ ಹೆಸರು ಹೇಳ್ತಾರೆ. ಮಾತು ಶುರುವಾಗೋಕೆ ಅಷ್ಟು ಸಾಕು.

2023ರ ಮಾರ್ಚ್ 3ರ ರಾತ್ರಿ ನೆನಪಿದೆಯಾ? ಕಂಠೀರವದಲ್ಲೇ, ಕೇರಳ ಬ್ಲಾಸ್ಟರ್ಸ್ ಜೊತೆ ನಾಕೌಟ್ ಮ್ಯಾಚು. ಹೆಚ್ಚುವರಿ ಸಮಯ, 96ನೇ ನಿಮಿಷ, ನಮಗೆ ಫ್ರೀ ಕಿಕ್. ಅವರು ಇನ್ನೂ ಅಡ್ಡಗೋಡೆ ನಿಲ್ಲಿಸೋದರೊಳಗೆ ಸುನಿಲ್ ಚೆಟ್ರಿ ಚೆಂಡನ್ನ ಒಳಗೆ ಹಾಕಿಯೇಬಿಟ್ಟ. ರೆಫರಿ ಗೋಲು ಅಂದ್ರು, ಬ್ಲಾಸ್ಟರ್ಸ್‌ನವರು ಇಡೀ ತಂಡ ಕಟ್ಕೊಂಡು ಮೈದಾನ ಬಿಟ್ಟು ಹೊರಟೇಹೋದ್ರು. ಊರೆಲ್ಲ ಅದು ಸರಿಯೋ ತಪ್ಪೋ ಅಂತ ವಾದ ಮಾಡ್ತಿದ್ರೆ ನಮ್ಮ ಹುಡುಗನಿಗೆ ಬೇರೆಯದೇ ಚಿಂತೆ. ಗಡಿಯಾರದಲ್ಲಿ 120 ಆಗಿಲ್ಲ, ಆಟ ಮುಗಿಯೋದು ಹೇಗೆ? ಟಿ.ವಿ. ಮುಂದಿಂದ ಏಳಲೇ ಇಲ್ಲವಂತೆ. ಆಮೇಲೆ ವಾರವಿಡೀ ಗೇಟಿನ ಹತ್ತಿರ ಕಂಡೋರನ್ನೆಲ್ಲ ಅದನ್ನೇ ಕೇಳ್ತಿದ್ದ. ನ್ಯಾಯವಾದ ಪ್ರಶ್ನೆ ಅಂತಲೇ ನನಗೆ ಅನಿಸಿದ್ದು. ಎಷ್ಟು ಹೊತ್ತು ಅಂತ ಮೊದಲೇ ಹೇಳಿ, ಎರಡು ಕಡೆ ಗೆರೆ ಎಳೆದು, ಸೀಟಿ ಊದಿ ಶುರು ಮಾಡೋ ಆಟ ಅದು. ಆ ಕಟ್ಟುನಿಟ್ಟೇ ಅವನಿಗೆ ಹಿಡಿಸಿರೋದು.

ಇಷ್ಟು ಗೊತ್ತಿರೋ ಹುಡುಗ ಒಂದು ಮ್ಯಾಚನ್ನೂ ಗ್ಯಾಲರಿಯಲ್ಲಿ ಕೂತು ಪೂರ್ತಿ ನೋಡಿಲ್ಲ. ಒಂದ್ಸಲ ಕರ್ಕೊಂಡು ಹೋಗಿದ್ರು. ಯಾವ ಕ್ರೀಡಾಂಗಣ, ಯಾವ ಆಟ ಅನ್ನೋದೆಲ್ಲ ಬೇಡ ಬಿಡಿ. ಗೇಟಿನಲ್ಲೇ ತಡೆದ್ರು. ಅವನ ಕಿವಿ ಮುಚ್ಚೋ ದಪ್ಪ ಹೆಡ್‌ಫೋನು ಹೊರಗೆ, ಮೊಸರನ್ನದ ಡಬ್ಬಿ ಹೊರಗೆ, ಕೈಯಲ್ಲಿ ತಿರುಗಿಸ್ತಾ ಇರೋ ಪ್ಲಾಸ್ಟಿಕ್ ಬಳೆ ಸಹ ಹೊರಗೆ. ಕಾವಲಿನವರದೇನು ತಪ್ಪು ಹೇಳಿ, ಅವರ ಕೈಯಲ್ಲಿರೋ ಪಟ್ಟಿಯಲ್ಲಿ ಇವನ ಹಾಗೆ ಆಟಿಸಂ ಇರೋ ಮಗುವಿನ ವಿಷಯ ಯಾರೂ ಬರೆದಿರಲಿಲ್ಲ. ಅರ್ಧ ಗಂಟೆ ಹೇಗೋ ಕೂತಿದ್ದ. ಆಮೇಲೆ ಒಂದು ಗೋಲು ಬಿತ್ತು.

ಫುಟ್‌ಬಾಲ್‌ನ ಕಷ್ಟ ಇರೋದೇ ಅಲ್ಲಿ. ಕ್ರಿಕೆಟ್‌ನಲ್ಲಿ ಓವರಿಗೊಂದು ಸಲ ಕೂಗು, ಬೌಂಡರಿಗೊಂದು ಹಾಡು, ಸದ್ದು ಬರ್ತಾ ಹೋಗ್ತಾ ಇರುತ್ತೆ. ಇಲ್ಲಿ ಮುಕ್ಕಾಲು ಗಂಟೆ ಗುಜುಗುಜು, ಇದ್ದಕ್ಕಿದ್ದಂತೆ ಸಾವಿರಾರು ಜನ ಒಟ್ಟಿಗೆ ಎದ್ದು ಕಿರುಚ್ತಾರೆ. ಡೋಲು ಒಂದೇ ತಾಳದಲ್ಲಿ ಬಡೀತಾ ಇದ್ರೆ ಇವನಿಗೆ ಅಷ್ಟು ತೊಂದರೆಯಿಲ್ಲ, ಕಾಲು ಕುಣಿಸ್ತಾನೆ. ಹೇಳದೆ ಕೇಳದೆ ಬರೋ ಸದ್ದು ಮಾತ್ರ ಆಗಲ್ಲ. ಇನ್ನೊಂದು ಮಗುವಿಗೆ ಡೋಲೇ ಆಗದೆ ಇರಬಹುದು, ಮತ್ತೊಂದಕ್ಕೆ ಫ್ಲಡ್‌ಲೈಟು. ಆಟಿಸಂ ಇರೋ ಮಕ್ಕಳೆಲ್ಲ ಒಂದೇ ಥರ ಅಂದ್ಕೊಳ್ಳೋ ಹಾಗಿಲ್ಲ, ಅವರ ತಾಯಂದಿರನ್ನ ಕೇಳಿದ್ರೆ ಗೊತ್ತಾಗುತ್ತೆ.

ಸರಿ, ಹುಡುಗ ಕಿವಿ ಮುಚ್ಕೊಂಡು ಒಂದೇ ಸಮ ಕೂಗೋಕೆ ಶುರು ಮಾಡಿದ. ಅಪ್ಪ ಎತ್ಕೊಂಡು ಹೊರಗೆ ಬಂದ್ರು. ಹೊರಗೆ ಒಂದು ಮರದ ಕೆಳಗೆ ಹತ್ತು ನಿಮಿಷ ಕೂತಿದ್ದೇ ತಡ, ಸಮಾಧಾನ ಆಯ್ತು. "ಒಳಗೆ ಹೋಗೋಣ, ಸೆಕೆಂಡ್ ಹಾಫ್" ಅಂದನಂತೆ ಅವನೇ. ಆದ್ರೆ ಒಮ್ಮೆ ಹೊರಗೆ ಬಂದ್ರೆ ಮತ್ತೆ ಒಳಗೆ ಬಿಡಲ್ಲ. ಅಮ್ಮ, ಅಕ್ಕ ಒಳಗೆ, ಅಪ್ಪ, ಮಗ ಹೊರಗೆ. ಕೊನೆಗೆ ನಾಲ್ಕೂ ಜನ ಆಟೋ ಹಿಡಿದು ಮನೆಗೆ ಬಂದ್ರು. ನನಗೆ ಈ ಕತೆಯಲ್ಲಿ ಹೊಟ್ಟೆ ಉರಿಯೋದು ಗೋಲಿನ ಸದ್ದಿಗಲ್ಲ. ಹುಡುಗ ಸುಧಾರಿಸ್ಕೊಂಡಿದ್ದ, ತಾನಾಗಿ ವಾಪಸ್ ಬರ್ತೀನಿ ಅಂದಿದ್ದ, ಅಂಥ ಹೊತ್ತಲ್ಲಿ ಬಾಗಿಲು ಹಾಕಿತ್ತಲ್ಲ, ಅದಕ್ಕೆ.

ಈ ಮಾತಿಗೆ ಬನಶಂಕರಿಯ ಒಂದು ಛತ್ರದಲ್ಲಿ ನಡೆದ ಮದುವೆ ನೆನಪಾಯ್ತು. ಇದೇ ಮನೆಯವರೂ ಬಂದಿದ್ರು. ಮುಹೂರ್ತದ ಹೊತ್ತು, ಪುರೋಹಿತರು ಬೆರಳೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದ್ರು ನೋಡಿ, ಓಲಗದವರು ಶುರು ಹಚ್ಕೊಂಡ್ರು. ಹುಡುಗ ಬಾಣ ಬಿಟ್ಟ ಹಾಗೆ ಹೊರಗೆ. ಅವನ ಅಜ್ಜಿಗೆ ಗಾಬರಿಯೇನೂ ಆಗಲಿಲ್ಲ, ಹಿಂದಿನಿಂದ ಹೋಗಿ, ಮೇಲಿನ ವರನ ಕಡೆಯವರ ರೂಮಿಗೆ ಕರ್ಕೊಂಡು ಹೋಗಿ, ಫ್ಯಾನ್ ಹಾಕಿ ಕೂರಿಸಿದ್ರು. ಅಲ್ಲೊಂದು ಹಾಲು ಕುಡಿಯೋ ಕೂಸು, ಬಿ.ಪಿ. ಮಾತ್ರೆ ತಗೊಂಡು ಅಡ್ಡಾಗಿದ್ದ ಒಬ್ಬ ಮಾವ, ಇವನು. ಓಲಗ ತಣ್ಣಗಾದ ಮೇಲೆ ಇಳಿದು ಬಂದು, ಅಕ್ಷತೆ ಹಾಕಿ, ಮೊದಲನೇ ಪಂಕ್ತಿಯಲ್ಲೇ ಊಟಕ್ಕೆ ಕೂತ. ಹೋಳಿಗೆ ಮೇಲೆ ತುಪ್ಪ ಹಾಕಿಸ್ಕೊಳ್ಳಲಿಲ್ಲ, ಪಕ್ಕದಲ್ಲಿ ಹಾಕಿಸ್ಕೊಂಡ. ಒಂದಕ್ಕೊಂದು ತಾಗಬಾರದು ಅವನಿಗೆ. ಬಡಿಸೋರು ಹೂಂ ಅಂದು ಹಾಗೇ ಬಡಿಸಿದ್ರು. ಛತ್ರದ ಬಾಗಿಲಲ್ಲಿ ಯಾರಾದ್ರೂ "ಒಂದ್ಸಲ ಎದ್ದು ಹೋದೆ, ಇನ್ನು ಊಟಕ್ಕೆ ಬರಬೇಡ" ಅಂತಾರಾ?

ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಅನ್ನೋ ಊರಲ್ಲಿ ಅಂಥ ರೂಮೊಂದನ್ನ ಕ್ರೀಡಾಂಗಣದೊಳಗೇ ಮಾಡಿದ್ದಾರೆ. ಶಿಪ್ಪಿ ಅಂತ ಒಂದು ದಂಪತಿ. ಅವರ ಮಗನಿಗೆ ಫುಟ್‌ಬಾಲ್ ಅಂದ್ರೆ ಪ್ರಾಣ, ಸದ್ದು ಅಂದ್ರೆ ಆಗದು. ಅಪ್ಪ ಅಮ್ಮ ಕ್ಲಬ್ಬಿನವರ ಹತ್ತಿರ ಹೋಗಿ ಕೇಳಿದ್ರು. 2015ರಲ್ಲಿ ಮೈದಾನ ಪೂರ್ತಿ ಕಾಣೋ ಹಾಗೆ ದೊಡ್ಡ ಗಾಜು ಹಾಕಿ, ಸದ್ದು ತಗ್ಗಿಸಿ, ಮೆತ್ತನೆ ದೀಪ ಇಟ್ಟು ಒಂದು ಕೋಣೆ ಶುರುವಾಯ್ತು, ಆ ಮಗನ ಹೆಸರಲ್ಲೇ. ಆಮೇಲೆ ಆರ್ಸೆನಲ್‌ನಂಥ ದೊಡ್ಡ ಕ್ಲಬ್ಬುಗಳೂ ಮಾಡಿದ್ವು. 2022ರ ಕತಾರ್ ವಿಶ್ವಕಪ್‌ನಲ್ಲಿ ಲುಸೈಲ್, ಅಲ್ ಬೈತ್, ಎಜುಕೇಶನ್ ಸಿಟಿ ಕ್ರೀಡಾಂಗಣಗಳಲ್ಲಿ ಇಂಥ ಸೆನ್ಸರಿ ರೂಮುಗಳಿದ್ವು. ಮೆಸ್ಸಿ ಕಪ್ ಎತ್ತಿದ ಫೈನಲ್ ನಡೆದದ್ದು ಲುಸೈಲ್‌ನಲ್ಲೇ ಅಲ್ವಾ? ಆ ಗದ್ದಲದ ರಾತ್ರಿ ನಡೆದ ಕಟ್ಟಡದಲ್ಲೂ ಇಂಥ ಮಕ್ಕಳಿಗಂತ ಒಂದು ಕೋಣೆ ಇತ್ತು ಅಂತ ನೆನೆಸಿಕೊಂಡ್ರೆ ನನಗೆ ಬಹಳ ಸಮಾಧಾನ ಆಗುತ್ತೆ. ಅಂದಹಾಗೆ, ಏಪ್ರಿಲ್ 2ನ್ನ ಆಟಿಸಂ ಜಾಗೃತಿ ದಿನ ಮಾಡಬೇಕು ಅಂತ ವಿಶ್ವಸಂಸ್ಥೆಯಲ್ಲಿ 2007ರಲ್ಲಿ ಮೊದಲು ಮಾತೆತ್ತಿದ್ದೂ ಕತಾರ್ ದೇಶವೇ.

ಅದೆಲ್ಲ ಹೊರದೇಶದ ಮಾತು ಅನ್ನಬೇಡಿ. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣಕ್ಕೇ ಹೋಗಿ ನೋಡಿ. ಸೂರ್ಯಕಾಂತಿ ಹೂವಿನ ಚಿತ್ರ ಇರೋ ಹಸಿರು ದಾರ ಕೊಡ್ತಾರೆ. ಅದನ್ನ ಕುತ್ತಿಗೆಗೆ ಹಾಕ್ಕೊಂಡ್ರೆ, ಈ ಮಗುವಿಗೆ ಕಣ್ಣಿಗೆ ಕಾಣದ ತೊಂದರೆ ಇದೆ, ಸ್ವಲ್ಪ ತಾಳ್ಮೆ ಬೇಕು ಅಂತ ಸಿಬ್ಬಂದಿಗೆ ಅರ್ಥವಾಗುತ್ತೆ. 2025ರಲ್ಲಿ ಎರಡನೇ ಟರ್ಮಿನಲ್‌ನಲ್ಲಿ ಸೆನ್ಸರಿ ರೂಮೂ ಮಾಡಿದ್ರು. ದೇವನಹಳ್ಳಿಯಲ್ಲಿ ಆಗಿರೋದು ಕಸ್ತೂರಬಾ ರಸ್ತೆಯಲ್ಲಿ ಆಗಬಾರದೇ? ಕಂಠೀರವ ಖಾಸಗಿಯವರದಲ್ಲ, ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದು, ನಮ್ಮ ನಿಮ್ಮೆಲ್ಲರದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಆಟಿಸಂ ಅದರಲ್ಲೊಂದು. ಕ್ರೀಡಾ ಸೌಲಭ್ಯಗಳನ್ನ ಇವರಿಗೆ ಹೊಂದೋ ಹಾಗೆ ಬದಲಾಯಿಸಬೇಕು ಅಂತ 30ನೇ ಸೆಕ್ಷನ್ನಿನಲ್ಲಿ ಬರೆದೂ ಇದೆ. ಇಳಿಜಾರು ಕಟ್ಟಿದ್ರೆ ಗಾಲಿಕುರ್ಚಿಯವರಿಗಾಯ್ತು. ಇವನಿಗೆ ಬೇಕಾದ ಇಳಿಜಾರು ಬೇರೆ ಥರದ್ದು.

ನನ್ನ ಕೇಳಿದ್ರೆ, ಗಾಜಿನ ಕೋಣೆ ಆಮೇಲೆ ಬರಲಿ. ಮೊದಲು ಗೇಟು ಸರಿಯಾಗಲಿ. ಯಾವುದಾದ್ರೂ ಒಂದು ಗೇಟು, ನೂಕುನುಗ್ಗಲಿಲ್ಲದ್ದು. ಹೆಡ್‌ಫೋನು, ಊಟದ ಡಬ್ಬಿ, ಕೈಯಲ್ಲಿ ಹಿಡಿಯೋ ಆಟಿಕೆ ಒಳಗೆ ಬಿಡಲಿ. ಕೈಗೊಂದು ಪಟ್ಟಿ ಕಟ್ಟಿ, ಎಷ್ಟು ಸಲ ಹೊರಗೆ ಹೋದ್ರೂ ಮತ್ತೆ ಒಳಗೆ ಬರೋ ಹಾಗೆ ಮಾಡಲಿ. ಇದಕ್ಕೆ ಟೆಂಡರ್ ಕರೀಬೇಕಾ? ವೆಸ್ಟ್ ಬ್ಲಾಕಿನ ಹುಡುಗರು ಡೋಲು ನಿಲ್ಲಿಸಬೇಕು ಅಂತ ಯಾರೂ ಕೇಳ್ತಿಲ್ಲ. ಆ ಗದ್ದಲ ಇಲ್ಲದೆ ಅದು ಫುಟ್‌ಬಾಲೇ ಅಲ್ಲ, ಈ ಹುಡುಗನಿಗೂ ಅದು ಬೇಕು, ದೂರದಿಂದ ಬೇಕು ಅಷ್ಟೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದ್ರಲ್ಲ, ಆಮೇಲಂತೂ ಇವನ ಅಮ್ಮ ಜನಜಂಗುಳಿ ಅಂದ್ರೆ ಬೆಚ್ಚಿಬೀಳ್ತಾರೆ. ಯಾರು ತಾನೇ ಬೀಳಲ್ಲ ಹೇಳಿ? ನಿಧಾನವಾಗಿ ಒಳಗೆ ಬಿಡೋ ಗೇಟು ಅಂದ್ರೆ ಬಸುರಿಯರಿಗೂ ವಯಸ್ಸಾದವರಿಗೂ ಆಗುತ್ತೆ.

ಇನ್ನೊಂದು ವಿಷಯ, ಇದನ್ನ ಅವನೇ ನನಗೆ ತೋರಿಸಿಕೊಟ್ಟಿದ್ದು. ಮೆಟ್ರೊ ಅಂದ್ರೆ ಅವನಿಗೆ ಭಯವೇ ಇಲ್ಲ. ಜಯನಗರದಲ್ಲಿ ಹತ್ತಿದ್ರೆ ಸೌತ್ ಎಂಡ್ ಸರ್ಕಲ್, ಲಾಲ್‌ಬಾಗ್, ನ್ಯಾಷನಲ್ ಕಾಲೇಜು, ಕೆ.ಆರ್. ಮಾರ್ಕೆಟ್, ಚಿಕ್ಕಪೇಟೆ, ಮೆಜೆಸ್ಟಿಕ್. ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಸೆಂಟ್ರಲ್ ಕಾಲೇಜು, ವಿಧಾನಸೌಧ, ಕಬ್ಬನ್ ಪಾರ್ಕ್. ಮೆಜೆಸ್ಟಿಕ್‌ನ ಆ ಜಾತ್ರೆಯಲ್ಲೂ ಅಪ್ಪನ ಕೈ ಎಳ್ಕೊಂಡು ಅವನೇ ಮುಂದೆ ನಡೀತಾನಂತೆ. ಯಾಕೆ ಅಂತೀರಿ? ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತೆ, ಎಲ್ಲ ಮೊದಲೇ ಹೇಳ್ತಾರೆ. ಕಬ್ಬನ್ ಪಾರ್ಕ್ ಸ್ಟೇಷನ್ ದಾಟಿದ ಮೇಲೆ ಯಾರೂ ಏನೂ ಹೇಳಲ್ಲ. ಯಾವ ಗೇಟು, ಮೈ ತಡವಿ ನೋಡೋರು ಎಲ್ಲಿರ್ತಾರೆ, ಮೆಟ್ಟಿಲು ಎಷ್ಟು, ಟಾಯ್ಲೆಟ್ ಯಾವ ಕಡೆ, ಗೋಲಾದ್ರೆ ಏನೇನಾಗುತ್ತೆ. ಟಿಕೆಟ್ ಜೊತೆ ಇದಕ್ಕೆಲ್ಲ ನಾಲ್ಕು ಫೋಟೊ, ಕನ್ನಡದಲ್ಲಿ ನಾಲ್ಕು ಸಾಲು ಕಳಿಸಿದ್ರೆ ಸಾಕು, ಅವನು ನಿಲ್ದಾಣಗಳ ಹಾಗೆ ಅದನ್ನೂ ಬಾಯಿಪಾಠ ಮಾಡಿ ಹೊರಡ್ತಾನೆ.

ನಮ್ಮ ಕಡೆ ಈ ಮಕ್ಕಳಿಗೆ ಡಾಕ್ಟರ ಕೊರತೆಯಿಲ್ಲ. ನಿಮ್ಹಾನ್ಸ್ ಪಕ್ಕದಲ್ಲೇ ಇದೆ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಎಲ್ಲ ಕಡೆ ಥೆರಪಿ ಸೆಂಟರುಗಳಾಗಿವೆ. ಬೆಳಗ್ಗೆ ಸ್ಕೂಲು, ಮಧ್ಯಾಹ್ನ ಸ್ಪೀಚ್ ಥೆರಪಿ, ಸಂಜೆ ಆಕ್ಯುಪೇಷನಲ್ ಥೆರಪಿ ಅಂತ ಆ ತಾಯಿ ಓಡಾಡೋದು ನೋಡಿದ್ದೀರಲ್ಲ. ಆ ಮನೆಗೆ ಕಡಿಮೆಯಾಗಿರೋದು ಶನಿವಾರದ ಸಂಜೆ. ಅವನ ಅಕ್ಕನ್ನ ನೋಡಿ, ಕಾಲೇಜು ಹುಡುಗಿ, ಅವಳಿಗೂ ಫುಟ್‌ಬಾಲ್ ಇಷ್ಟವೇ. ಅವತ್ತಿನಿಂದ ಅವಳೂ ಹೋಗಿಲ್ಲ. "ಅವನು ಬರದೆ ನಾನು ಹೇಗೆ ಆಂಟಿ?" ಅಂತಾಳೆ. ಮಗುವಿಗೆ ಅಂತ ಬಾಗಿಲು ತೆರೆದ್ರೆ ಇವಳೂ ಒಳಗೆ ಬರ್ತಾಳೆ.

ಈಗೊಂದು ಉಪಾಯ ಮಾಡಿದ್ದೀವಿ. ಅಶೋಕನಗರದಲ್ಲಿ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ ಇದೆಯಲ್ಲ, ಬೆಂಗಳೂರು ಎಫ್‌ಸಿ 2013–14ರ ಮೊದಲ ಸೀಸನ್ನಿನಲ್ಲಿ ಆಡಿದ್ದು ಅಲ್ಲೇ, ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದರು. ಅಲ್ಲಿ ಈಗಲೂ ಸೂಪರ್ ಡಿವಿಷನ್ ಲೀಗ್ ಮ್ಯಾಚು ನಡೆಯುತ್ತೆ, ಹಗಲು ಹೊತ್ತಲ್ಲಿ, ಜನ ಕಮ್ಮಿ. ಮೊದಲು ಅಲ್ಲಿ ಅಭ್ಯಾಸ ಆಗಲಿ ಅಂತ. ಹುಡುಗನಿಗೆ ಹೇಳಿದೆ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮೂರಿನವರೇ ಕಣೋ ಅಂತ. "ಎಪ್ಪತ್ತನೇ ನಿಮಿಷ" ಅಂದ, ನನ್ನ ಮುಖ ನೋಡದೆ. ನಾನು ಎಸ್.ಪಿ. ರೋಡಿನಿಂದ ಎರಡು ಜೊತೆ ಕಿವಿ ಮುಚ್ಚೋ ಹೆಡ್‌ಫೋನು ತರಿಸಿದ್ದೀನಿ, ಒಂದು ಅವನಿಗೆ, ಇನ್ನೊಂದು ಯಾರಿಗಾದ್ರೂ ಬೇಕಾಗುತ್ತೆ ಅಂತ. ಅವನ ಅಪ್ಪ ಫೋನಿನಲ್ಲಿ ಗೇಟಿನ, ಮೆಟ್ಟಿಲಿನ ಫೋಟೊ ತೆಕ್ಕೊಂಡು ಬಂದಿದ್ದಾರೆ. ಇನ್ನೊಬ್ಬರು ದೊಡ್ಡವರು ಜೊತೆಗಿದ್ರೆ, ಅವನು ಎದ್ದು ಹೊರಗೆ ಹೋದ್ರೂ ಉಳಿದವರು ಕೂತು ನೋಡಬಹುದು. ನೀವು ಬರ್ತೀರಾ? ಬರೋದಾದ್ರೆ ಇವತ್ತೇ ಹೇಳಿ, ಯಾರ್ಯಾರು ಬರ್ತಾರೆ ಅಂತ ಅವನಿಗೆ ಮೊದಲೇ ಹೇಳಿರಬೇಕು.